ಒಡೆದ ಕೆರೆಗಳ ಲೆಕ್ಕ

ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಕೇಳದ ಕನ್ನಡಿಗನಿಲ್ಲ. ಕನ್ನಂಬಾಡಿ ಕಟ್ಟೆಯ ಚಿತ್ರ ನಮ್ಮಲ್ಲಿ ಎಷ್ಟೋ ಜನರ ಮನೆಯ ಗೋಡೆಯ ಮೇಲಿದೆ. ಸೆಪ್ಟೆಂಬರ್ ೧೫ ಬಂತೆಂದರೆ ಸಂಘಗಳಲ್ಲಿ ಭಾಷಣಗಳಾಗುತ್ತವೆ. ಮಕ್ಕಳು ಮೈಸೂರು ಪೇಟ ಸುತ್ತಿಕೊಂಡು ವೇದಿಕೆಯ ಮೇಲೆ ಗಂಭೀರವಾಗಿ ನಿಲ್ಲುತ್ತಾರೆ. ಆದರೆ ಕನ್ನಂಬಾಡಿಗಿಂತ ಮೊದಲೇ ಆ ಮಹನೀಯರು ನಾವು ಈಗ ಸಂಸಾರ ಹೂಡಿರುವ ಇದೇ ಹೈದರಾಬಾದಿಗೆ ಬಂದಿದ್ದರು, ಬಂದವರು ಕಟ್ಟುವ ಮಾತಿಗೆ ಮುಂಚೆ ಮುರಿದದ್ದರ ಲೆಕ್ಕ ತೆಗೆದರು ಎಂಬ ಸಂಗತಿಯನ್ನು ಭಾಷಣಗಳಲ್ಲಿ ಒಂದು ವಾಕ್ಯದಲ್ಲಿ ಹೇಳಿ ಮುಗಿಸುವುದೇ ವಾಡಿಕೆ. ಆ ಒಂದು ವಾಕ್ಯವನ್ನೇ ಸ್ವಲ್ಪ ಹಿಗ್ಗಿಸಿ ವಾಚಕರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ಮನುಷ್ಯನು ಅಕಾಲದಲ್ಲಿ ಸತ್ತರೆ ಪೊಲೀಸರು ಶವಪರೀಕ್ಷೆ ಮಾಡಿಸುತ್ತಾರಷ್ಟೆ. ಅದೇ ರೀತಿ ಸೇತುವೆ ಕುಸಿದರೆ, ಅಣೆಕಟ್ಟು ಒಡೆದರೆ, ಯಂತ್ರದ ಅಚ್ಚು ಮುರಿದರೆ, ಅದರ ಅವಶೇಷಗಳನ್ನು ಪರೀಕ್ಷಿಸಿ ಕಾರಣ ಕಂಡುಹಿಡಿಯುವ ಶಾಸ್ತ್ರವೊಂದಿದೆ. ಅದಕ್ಕೆ ಫೊರೆನ್ಸಿಕ್ ಎಂಜಿನಿಯರಿಂಗ್ ಎಂದು ಹೆಸರು. ಹೆಸರು ದೊಡ್ಡದಾದರೂ ಅದರ ಮೊದಲ ಪಾಠವನ್ನು ನಮ್ಮ ಅಜ್ಜಿಯರು ಬಾವಿಕಟ್ಟೆಯಲ್ಲಿಯೇ ಕಲಿತಿದ್ದರು. ಬಾವಿಯ ಹಗ್ಗ ತುಂಡಾಗಿ ಕೊಡ ಒಳಗೆ ಬಿದ್ದರೆ, ಕೊಡ ಬಹಳ ಭಾರವಾಗಿತ್ತೆಂದು ಸೊಸೆ ಹೇಳಬಹುದು. ಅತ್ತೆ ಮಾತ್ರ ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದು ನೋಡುತ್ತಾಳೆ. ಅದು ರಾಟೆಯ ಮೇಲೆ ಉಜ್ಜಿ ಉಜ್ಜಿ ಸವೆದ ಜಾಗ. ಎಳೆಗಳು ಒಂದೊಂದಾಗಿ ಹರಿದು ಎಷ್ಟೋ ತಿಂಗಳಾಗಿದೆ. ಇವತ್ತಿನ ಕೊಡ ಕೊನೆಯ ಎಳೆಯನ್ನು ಹರಿಯಿತು, ಅಷ್ಟೆ. ನಿಜವಾಗಿ ಕೇಳಬೇಕಾದದ್ದು ಮೊದಲ ಎಳೆ ಎಲ್ಲಿ, ಯಾವಾಗ, ಏಕೆ ಹರಿಯಿತು ಎಂಬುದನ್ನು. ಈ ಶಾಸ್ತ್ರದ ವಿದ್ವಾಂಸರು ತಮ್ಮ ಪ್ರಯೋಗಶಾಲೆಗಳಲ್ಲಿ ಕೇಳುವುದೂ ಬಹುಮಟ್ಟಿಗೆ ಇದನ್ನೇ.

೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ನದಿ ಹೈದರಾಬಾದಿನ ಮೇಲೆ ಬಿದ್ದ ಕಥೆಯನ್ನು ಈ ಊರಿನ ಹಳಬರ ಬಾಯಲ್ಲಿ ನೀವು ಕೇಳಿರಬಹುದು. ಅಫ್ಜಲ್‌ಗಂಜಿನ ಆಸ್ಪತ್ರೆ ಹೋಯಿತು, ಸೇತುವೆಗಳು ಹೋದವು, ನದೀತೀರದ ಮೊಹಲ್ಲಾಗಳು ಬೆಳಗಾಗುವುದರೊಳಗೆ ಇಲ್ಲವಾದವು. ಸತ್ತವರ ಸಂಖ್ಯೆ ಸುಮಾರು ೧೫,೦೦೦ ಎಂದು ಹೇಳುವುದು ವಾಡಿಕೆ. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಿಸೆಯ ಮರವನ್ನು ಹತ್ತಿ ನೂರೈವತ್ತು ಜನ ಜೀವ ಉಳಿಸಿಕೊಂಡರೆಂದು ಪ್ರತೀತಿ. ಆ ಕಡೆ ಹೋದಾಗ ಮಕ್ಕಳಿಗೆ ಆ ಮರವನ್ನು ತೋರಿಸಿ; ಪುಸ್ತಕದ ಪಾಠಕ್ಕಿಂತ ಹೆಚ್ಚು ಮನಸ್ಸಿನಲ್ಲಿ ನಿಲ್ಲುತ್ತದೆ. ೧೫೭೮ರಲ್ಲಿ ಕುತುಬಶಾಹಿಗಳು ಕಟ್ಟಿದ ಪುರಾನಾಪೂಲ್ ಪೆಟ್ಟು ತಿಂದರೂ ನಿಂತಿತು. ಅದಕ್ಕಿಂತ ಎಷ್ಟೋ ಎಳೆಯ ಸೇತುವೆಗಳು ನಿಲ್ಲಲಿಲ್ಲ.

ಇಷ್ಟು ದೊಡ್ಡ ಅನಾಹುತವಾದಾಗ ಜನ ಕಾರಣ ಹುಡುಕುವುದು ಆಕಾಶದಲ್ಲಿ. ನದಿಯನ್ನು ಶಾಂತಗೊಳಿಸಲು ಆರನೆಯ ನಿಜಾಮ ಮೀರ್ ಮೆಹಬೂಬ್ ಅಲಿ ಖಾನರು ತಾವೇ ಬಾಗಿನ ಅರ್ಪಿಸಿದರೆಂಬ ಮಾತೂ ಊರಿನಲ್ಲಿ ಪ್ರಚಲಿತವಾಗಿದೆ. ಅದರ ಜೊತೆಗೆ ಅವರ ಸರ್ಕಾರ ಇನ್ನೊಂದು ಕೆಲಸವನ್ನೂ ಮಾಡಿತು. ಮುಂಬಯಿ ಸರ್ಕಾರದ ನೌಕರಿಯಿಂದ ಬಿಡುವು ಪಡೆದು ಯೂರೋಪಿನಲ್ಲಿ ಸಂಚರಿಸುತ್ತಿದ್ದ ವಿಶ್ವೇಶ್ವರಯ್ಯನವರಿಗೆ ಕರೆ ಕಳುಹಿಸಿತು. ಅವರು ೧೯೦೯ರ ಏಪ್ರಿಲ್ ೧೫ರಂದು ಇಲ್ಲಿ ಕೆಲಸಕ್ಕೆ ತೊಡಗಿದರು. ಪ್ರವಾಹದ ತಡೆಯ ಬಗೆಗಿನ ವರದಿಯನ್ನು ಅದೇ ಅಕ್ಟೋಬರ್ ೧ರಂದು ಒಪ್ಪಿಸಿಬಿಟ್ಟರು. ಐದೂವರೆ ತಿಂಗಳು! ಸರ್ಕಾರಿ ಕಚೇರಿಯಲ್ಲಿ ಕಡತ ಕಟ್ಟಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಆ ವರದಿಯ ಒಳಗಿನ ಎಂಜಿನಿಯರಿಂಗಿಗಿಂತ ಮೊದಲು ಬೆರಗಾದದ್ದು ಈ ಎರಡು ತಾರೀಖುಗಳನ್ನು ನೋಡಿ.

ಅವರು ನೋಡಿದ್ದೇನು? ಮೊದಲು ಮಳೆ. ನಗರದಿಂದ ಮೇಲಕ್ಕೆ ಮೂಸಿ ಮತ್ತು ಅದರ ಉಪನದಿಯಾದ ಈಸಿಗಳ ಜಲಾನಯನ ಪ್ರದೇಶ, ಅಂದರೆ ಮಳೆಯ ನೀರು ಹರಿದು ಈ ನದಿಗಳಿಗೆ ಸೇರುವ ಭೂಮಿ, ೮೬೦ ಚದರ ಮೈಲಿ. ಶಂಷಾಬಾದಿನ ಮಳೆಮಾಪಕದಲ್ಲಿ ೨೪ ಗಂಟೆಗಳಲ್ಲಿ ೧೨.೮ ಅಂಗುಲ, ೪೮ ಗಂಟೆಗಳಲ್ಲಿ ೧೮.೯ ಅಂಗುಲ ಮಳೆ ದಾಖಲಾಗಿತ್ತು. ಇಂದು ವಿಮಾನ ಇಳಿಯುವ ಶಂಷಾಬಾದೇ ಅದು. ಇಡೀ ಮಳೆಗಾಲದ ಬಹುಭಾಗ ಎರಡು ದಿನಗಳಲ್ಲಿ ಸುರಿದಂತಾಯಿತು. ಕಾರಣ ಸಿಕ್ಕಿತಲ್ಲ, ದೈವದ ಮಳೆ, ಇನ್ನೇನು ಬೇಕು ಎಂದು ಇನ್ನೊಬ್ಬರಾಗಿದ್ದರೆ ಅಲ್ಲಿಗೇ ವರದಿಗೆ ರುಜು ಹಾಕಿ ಹೋಗುತ್ತಿದ್ದರು.

ಇವರು ಹಾಗೆ ಬಿಡುವ ಆಸಾಮಿಯಲ್ಲ. ನೀರು ಇಳಿದು ಹೋದ ಮೇಲೂ ಗೋಡೆಗಳ ಮೇಲೆ, ದಂಡೆಯ ಮರಗಳ ಮೇಲೆ ಕೆಸರಿನ ಗೆರೆ ಉಳಿದಿರುತ್ತದೆ. ಆ ಗೆರೆಯ ಎತ್ತರ, ನದಿಯ ಪಾತ್ರದ ಅಗಲ, ಅದರ ಇಳಿಜಾರು, ಈ ಮೂರನ್ನು ಅಳೆದರೆ ನೀರು ಯಾವ ವೇಗದಲ್ಲಿ ಎಷ್ಟು ಹರಿದಿರಬೇಕೆಂದು ಲೆಕ್ಕ ಹಾಕಬಹುದು. ಪ್ರವಾಹದ ಏರು ಹೊತ್ತಿನಲ್ಲಿ ಮೂಸಿಯಲ್ಲಿ ಹರಿದದ್ದು ೪,೨೫,೦೦೦ ಕ್ಯೂಸೆಕ್ಸ್ ಎಂದು ಅಂದಾಜಾಯಿತು. ಈ ಕ್ಯೂಸೆಕ್ಸ್ ಎಂಬುದು ಪತ್ರಿಕೆಗಳಲ್ಲಿ ದಿನವೂ ಬರುವ ಶಬ್ದ. ನಮ್ಮ ಗೃಹಿಣಿಯರ ಅಳತೆಯಲ್ಲಿ ಹೇಳುವುದಾದರೆ ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು ೨೮ ಲೀಟರು, ಎರಡು ಕೊಡ ನೀರು. ನಾಲ್ಕೂಕಾಲು ಲಕ್ಷ ಕ್ಯೂಸೆಕ್ಸ್ ಎಂದರೆ ಪ್ರತಿ ಸೆಕೆಂಡಿಗೆ ಎಂಟೂವರೆ ಲಕ್ಷ ಕೊಡ.

ಆ ಬಳಿಕ ಅವರು ಕೇಳಿದ ಪ್ರಶ್ನೆಯೇ ಈ ಕಥೆಯ ಜೀವಾಳ. ನಗರಕ್ಕೆ ಬಂದದ್ದು ಬರಿಯ ಮಳೆಯ ನೀರೇ, ಅಥವಾ ಹಿಂದಿನಿಂದಲೇ ನಿಂತಿದ್ದ ನೀರೂ ಉಂಟೇ? ಜಲಾನಯನ ಪ್ರದೇಶದ ಕೆರೆಗಳನ್ನು ಎಣಿಸಲಾಯಿತು. ಒಟ್ಟು ೭೮೮ ಕೆರೆಗಳು. ಹೆಚ್ಚುಕಡಿಮೆ ಚದರ ಮೈಲಿಗೊಂದು. ಅವುಗಳಲ್ಲಿ ಒಡೆದವು ೨೨೧.

ತೆಲಂಗಾಣದ ನೆಲ ನಮ್ಮ ಕೋಲಾರ, ತುಮಕೂರುಗಳ ಬಯಲುಸೀಮೆಯಂತೆಯೇ ಕೆರೆಗಳ ನೆಲ. ಒಂದು ಕೆರೆಯ ಕೋಡಿಯ ನೀರು ಹಳ್ಳವಾಗಿ ಹರಿದು ಮುಂದಿನ ಕೆರೆಗೆ, ಅದರ ಕೋಡಿಯ ನೀರು ಅದರ ಮುಂದಿನದಕ್ಕೆ. ಹೀಗೆ ಸರಮಾಲೆಯಾಗಿ ಕಟ್ಟಿದ್ದಾರೆ. ಒಳ್ಳೆಯ ವರ್ಷಗಳಲ್ಲಿ ಇದಕ್ಕಿಂತ ಜಾಣತನದ ಏರ್ಪಾಡು ಇನ್ನಿಲ್ಲ. ಒಂದು ಹನಿಯೂ ವ್ಯರ್ಥವಾಗುವುದಿಲ್ಲ. ಕೆಟ್ಟ ದಿನದಲ್ಲಿ ಅದೇ ಸರಮಾಲೆ ವೈರಿಯಾಗುತ್ತದೆ. ಮೇಲಿನ ಕೆರೆಯ ಏರಿ ಒಡೆದರೆ, ಅದು ತಿಂಗಳುಗಟ್ಟಲೆ ಹಿಡಿದಿಟ್ಟಿದ್ದ ನೀರೆಲ್ಲ ಒಂದೇ ಗಳಿಗೆಯಲ್ಲಿ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ. ಕೆಳಗಿನ ಕೆರೆಯ ಕೋಡಿಯನ್ನು ಅಳತೆ ಮಾಡಿ ಕಟ್ಟಿದ್ದು ಮಳೆಯ ನೀರಿಗೆ, ಇನ್ನೊಂದು ಕೆರೆಗೆ ಅಲ್ಲ. ಆದ್ದರಿಂದ ಅದೂ ಹೋಗುತ್ತದೆ. ಎರಡು ಕೆರೆಗಳ ನೀರು ಮೂರನೆಯದರ ಮೇಲೆ, ಮೂರರದು ನಾಲ್ಕನೆಯದರ ಮೇಲೆ. ಮಳೆ ಸುರಿದದ್ದು ಸಾಲದೆಂಬಂತೆ ೨೨೧ ಕೆರೆಗಳು ಒಂದರ ಹಿಂದೊಂದು ತಮ್ಮ ಮೂಟೆಯನ್ನು ನದಿಗೆ ಸುರಿದವು.

ಮಣ್ಣಿನ ಏರಿ ಒಡೆಯುವುದಾದರೂ ಹೇಗೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ಊರುಗಳ ನೀರ್ಗಂಟಿಗಳಿಗೆ ಇದು ಕರತಲಾಮಲಕವಾಗಿತ್ತು. ಮುಖ್ಯವಾಗಿ ಎರಡು ದಾರಿ. ಒಂದು, ಕೋಡಿ ಸಾಲದೆ ನೀರು ಏರಿಯ ನೆತ್ತಿಯ ಮೇಲೆಯೇ ಹರಿಯುವುದು. ಏರಿಯ ಒಳಮೈಗೆ ಕಲ್ಲು ಜೋಡಿಸಿರುತ್ತಾರೆ. ಹೊರಮೈ ಬರಿ ಮಣ್ಣು, ಹುಲ್ಲು. ಮೇಲಿನಿಂದ ಬಿದ್ದ ನೀರು ಮೊದಲು ಬುಡದಲ್ಲಿ ಗುಂಡಿ ತೋಡುತ್ತದೆ, ಆ ಗುಂಡಿ ಹಿಂದೆ ಹಿಂದೆ ಸರಿಯುತ್ತ ಏರಿಯನ್ನೇ ಕೊರೆದುಬಿಡುತ್ತದೆ. ಇನ್ನೊಂದು ದಾರಿ ಕಣ್ಣಿಗೆ ಕಾಣದ್ದು. ತೂಬಿನ ಪಕ್ಕದಲ್ಲೋ, ಹೆಗ್ಗಣದ ಬಿಲದಲ್ಲೋ, ಸತ್ತ ಮರದ ಬೇರಿನ ಜಾಡಿನಲ್ಲೋ ಸಣ್ಣಗೆ ನೀರು ಒಸರಲು ಪ್ರಾರಂಭವಾಗುತ್ತದೆ. ಒಸರುವ ನೀರು ತಿಳಿಯಾಗಿದ್ದರೆ ನೀರ್ಗಂಟಿ ಅಷ್ಟಾಗಿ ಗಾಬರಿಪಡುವುದಿಲ್ಲ, ಕಣ್ಣಿಟ್ಟಿರುತ್ತಾನೆ. ಅದು ಕೆಂಪಾಯಿತೋ, ಊರಿನವರನ್ನೆಲ್ಲ ಕೂಗಿ ಎಬ್ಬಿಸುತ್ತಾನೆ. ಕೆಂಪು ನೀರೆಂದರೆ ಒಳಗಿನ ಮಣ್ಣು ಹೊರಟಿತೆಂದು ಅರ್ಥ. ಹೊರಗಿನಿಂದ ಗಟ್ಟಿಯಾಗಿ ಕಾಣುವ ಏರಿಯ ಹೊಟ್ಟೆಯಲ್ಲಿ ಸುರಂಗ ಬೆಳೆಯುತ್ತಿರುತ್ತದೆ.

ಹೀಗಾಗಿ ಒಡೆದ ಏರಿಯ ಮುಂದೆ ನಿಂತ ತಜ್ಞನಿಗೆ ಓದುವುದಕ್ಕೆ ಬೇಕಾದಷ್ಟಿದೆ. ಕೊರಕಲು ತೂಬಿನ ಬಳಿಯಲ್ಲಿದ್ದರೆ ಅವನ ಅನುಮಾನ ಒಂದು ಕಡೆಗೆ. ಏರಿಯ ತಗ್ಗಾದ ನೆತ್ತಿಯ ಬಳಿಯಲ್ಲಿದ್ದರೆ ಮತ್ತೊಂದು ಕಡೆಗೆ. ಹೊರಮೈಯ ಹುಲ್ಲು ಕೆಳಮುಖವಾಗಿ ಬಾಚಿದಂತೆ ಮಲಗಿದ್ದರೆ ನೀರು ನೆತ್ತಿಯ ಮೇಲಿಂದ ಇಳಿದಿದೆ. ಒಡೆಯದೆ ಉಳಿದವೂ ಸಾಕ್ಷಿಗಳೇ. ಅದೇ ಮಳೆಯಲ್ಲಿ ೫೬೭ ಕೆರೆಗಳು ನಿಂತುಕೊಂಡವಲ್ಲ. ಬಿದ್ದದ್ದರ ಜೊತೆಗೆ ನಿಂತದ್ದನ್ನೂ ಇಟ್ಟು ತೂಗಿದಾಗಲೇ ಮಳೆಯ ಪಾಲು ಎಷ್ಟು, ಕಟ್ಟಿದವರ ಮತ್ತು ಕಾದವರ ಪಾಲು ಎಷ್ಟು ಎಂಬುದು ಬೇರೆಬೇರೆಯಾಗಿ ಕಾಣುವುದು.

ಕಾರಣ ತಿಳಿದ ಮೇಲೆ ಪರಿಹಾರವೂ ಬೇರೆಯಾಗುತ್ತದೆ. ಮಳೆಯೇ ಕಾರಣವೆಂದಿದ್ದರೆ ನಗರದಲ್ಲಿ ನದಿಯ ದಂಡೆಯನ್ನು ಎತ್ತರಿಸಿ ಸುಮ್ಮನಾಗುತ್ತಿದ್ದರು. ಮೇಲಿನಿಂದ ನೀರು ಒಮ್ಮೆಗೇ ಬಂದದ್ದು ಕಾರಣವೆಂದು ತಿಳಿದದ್ದರಿಂದ, ಅದನ್ನು ಮೇಲೆಯೇ ಹಿಡಿಯಬೇಕು, ನಗರ ತಾಳುವಷ್ಟನ್ನೇ ಕೆಳಗೆ ಬಿಡಬೇಕು ಎಂದು ವಿಶ್ವೇಶ್ವರಯ್ಯನವರು ಸೂಚಿಸಿದರು. ಮೂಸಿಗೊಂದು, ಈಸಿಗೊಂದು ಜಲಾಶಯ. ಉಸ್ಮಾನ್‌ಸಾಗರ ೧೯೨೦ರಲ್ಲಿಯೂ ಹಿಮಾಯತ್‌ಸಾಗರ ೧೯೨೭ರಲ್ಲಿಯೂ ಮುಗಿದವು. ನಾವು ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವ ಗಂಡಿಪೇಟೆ ಎಂದರೆ ಆ ಉಸ್ಮಾನ್‌ಸಾಗರವೇ. ವರದಿ ಒಪ್ಪಿಸಿದವರು ೧೯೦೯ರ ನವೆಂಬರಿನಲ್ಲಿ ಮೈಸೂರಿನ ಚೀಫ್ ಎಂಜಿನಿಯರಾಗಿ ಹೊರಟುಹೋದರು. ಮುಂದಿನದೆಲ್ಲ ಎಲ್ಲರೂ ಬಲ್ಲ ಕಥೆ.

ಸರಮಾಲೆಯ ಈ ಪಾಠ ಹಳ್ಳಿಯ ಕೆರೆಗಳಿಗೆ ಮಾತ್ರ ಎಂದು ಯಾರಾದರೂ ತಿಳಿದರೆ ಪುಣೆಯ ಕಡೆ ನೋಡಬೇಕು. ಮುಠಾ ನದಿಯ ಮೇಲೆ ಖಡಕ್‌ವಾಸ್ಲಾ ಎಂಬ ಕಲ್ಲಿನ ಕಟ್ಟೆಯಿತ್ತು. ೧೮೭೯ರಲ್ಲಿ ಮುಗಿದದ್ದು. ವಿಶ್ವೇಶ್ವರಯ್ಯನವರು ತಮ್ಮ ಸ್ವಯಂಚಾಲಿತ ಗೇಟುಗಳನ್ನು ೧೯೦೩ರಲ್ಲಿ ಮೊಟ್ಟಮೊದಲು ಕೂಡಿಸಿದ್ದು ಆ ಕಟ್ಟೆಗೇ. ಅದರ ಮೇಲ್ಗಡೆ ಪಾನ್‌ಶೇತ್ ಎಂಬಲ್ಲಿ ಹೊಸದಾಗಿ ಮಣ್ಣಿನ ಅಣೆಕಟ್ಟು ಕಟ್ಟುತ್ತಿದ್ದರು. ಕೆಲಸ ಇನ್ನೂ ಪೂರ್ತಿಯಾಗಿರಲಿಲ್ಲ, ಮಳೆಗಾಲ ಬಂತು, ನೀರು ತುಂಬಿತು. ತೂಬಿನ ಕಾಲುವೆಯ ನೇರಕ್ಕೆ ಏರಿ ಕುಸಿಯುತ್ತ ಬಂತು. ಸೈನಿಕರು ರಾತ್ರಿಯಿಡೀ ಮರಳಿನ ಚೀಲ ಹೊತ್ತು ಒಡ್ಡಿದರು. ೧೯೬೧ರ ಜುಲೈ ೧೨ರ ಬೆಳಿಗ್ಗೆ ಪಾನ್‌ಶೇತ್ ಒಡೆಯಿತು, ಅದರ ನೀರು ಬಿದ್ದು ಅದೇ ದಿನ ಖಡಕ್‌ವಾಸ್ಲಾವೂ ಒಡೆಯಿತು, ಪುಣೆ ಮುಳುಗಿತು. ಎಂಬತ್ತು ವರ್ಷ ಅಲುಗದೆ ನಿಂತಿದ್ದ ಕಲ್ಲಿನ ಕಟ್ಟೆ ಯಾವ ದೋಷಕ್ಕಾಗಿ ಬಿತ್ತೆಂದು ಅದರ ಕಲ್ಲುಗಳಲ್ಲಿ ಹುಡುಕಿದರೆ ಉತ್ತರ ಸಿಕ್ಕೀತೇ? ದೋಷ ಅದರ ಮೇಲ್ಗಡೆ ಇತ್ತು.

ಇನ್ನು ನಮ್ಮ ತುಂಗಭದ್ರೆಯ ವಿಷಯ. ಈ ಸಂಘದ ಸದಸ್ಯರಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ಬಹಳ ಮಂದಿ. ಸಿಂಧನೂರು, ಗಂಗಾವತಿಗಳಲ್ಲಿ ಗದ್ದೆಯುಳ್ಳವರೂ ಉಂಟು. ಅವರಿಗೆ ೨೦೨೪ರ ಆಗಸ್ಟ್ ೧೦ರ ರಾತ್ರಿಯ ಸುದ್ದಿಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮಿಕ್ಕವರಿಗಾಗಿ ಹೇಳುತ್ತೇನೆ.

ಹೊಸಪೇಟೆಯ ಬಳಿಯ ಈ ಅಣೆಕಟ್ಟೆಗೂ ಹೈದರಾಬಾದಿಗೂ ಹಳೆಯ ನಂಟು. ೧೯೪೫ರ ಫೆಬ್ರವರಿ ೨೮ರಂದು ಎಡದಂಡೆಯಲ್ಲಿ ನಿಜಾಮ ಸಂಸ್ಥಾನದ ಪರವಾಗಿ ಬೇರಾರಿನ ರಾಜಕುಮಾರರು, ಬಲದಂಡೆಯಲ್ಲಿ ಮದರಾಸಿನ ಗವರ್ನರರು, ಹೀಗೆ ಒಂದೇ ಕಟ್ಟೆಗೆ ಎರಡು ಕಡೆ ಅಸ್ತಿಭಾರವಾಯಿತು. ಒಂದು ಸರ್ಕಾರ ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ ಕಟ್ಟುತ್ತ ಬಂದು ನಡುವೆ ಕೂಡಿದರು. ಗಾರೆ ಬಹುಮಟ್ಟಿಗೆ ಸುಣ್ಣ ಮತ್ತು ಸುರ್ಕಿಯದು, ಅಂದರೆ ಸುಟ್ಟ ಇಟ್ಟಿಗೆಯ ಪುಡಿಯದು. ೧೯೫೩ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ನೆತ್ತಿಯ ಮೇಲೆ ೩೩ ಉಕ್ಕಿನ ಗೇಟುಗಳು. ಒಂದೊಂದೂ ೬೦ ಅಡಿ ಅಗಲ, ೨೦ ಅಡಿ ಎತ್ತರ. ಎರಡು ಪಕ್ಕದ ಸರಪಣಿಗಳ ಮೇಲೆ ಅವನ್ನು ಎತ್ತಿ ಇಳಿಸುತ್ತಾರೆ.

ಆ ರಾತ್ರಿ ಜಲಾಶಯ ತುಂಬಿತ್ತು. ೧೬೩೩ ಅಡಿಯ ಗುರುತು ಮುಟ್ಟಿ, ೧೦೫ ಟಿ.ಎಂ.ಸಿ. ನೀರು. ಹನ್ನೊಂದು ಗಂಟೆ ದಾಟಿದ ಸಮಯದಲ್ಲಿ ಹತ್ತೊಂಬತ್ತನೆಯ ಗೇಟಿನ ಸರಪಣಿ ತುಂಡಾಯಿತು. ಗೇಟು ಕೊಚ್ಚಿಹೋಯಿತು. ಆ ಒಂದೇ ಕಿಂಡಿಯಿಂದ ೩೫,೦೦೦ ಕ್ಯೂಸೆಕ್ಸ್, ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಲೀಟರು ನೀರು ಹೊರಗೆ ಧುಮುಕತೊಡಗಿತು. ಕಟ್ಟೆಯ ಮೇಲಿನ ಭಾರ ತಗ್ಗಿಸಲು ಮಿಕ್ಕ ಗೇಟುಗಳನ್ನೂ ಎತ್ತಿ ನೀರು ಬಿಡಬೇಕಾಯಿತು. ತುಂಬಿದ ಕೆರೆಯನ್ನು ಕೈಯಾರೆ ಖಾಲಿ ಮಾಡುವ ಕೆಲಸ! ಕೆಳಗೆ ಭತ್ತದ ನಾಟಿ ಮಾಡಿ ಕುಳಿತಿದ್ದ ರೈತನಿಗೆ ಆ ವಾರ ನಿದ್ದೆ ಹತ್ತಿರಲಾರದು.

ಆಮೇಲಿನ ಏಳು ದಿನಗಳನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಹರಿಯುವ ನೀರಿನಲ್ಲಿ ಗೇಟು ಕೂಡಿಸುವುದು ಸಾಧ್ಯವೇ ಎಂದೇ ಎಲ್ಲರ ಸಂದೇಹ. ಗೇಟುಗಳ ಕೆಲಸದಲ್ಲಿಯೇ ಆಯುಸ್ಸನ್ನು ಸವೆಸಿದ ಹಿರಿಯ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರು ಮುಂದೆ ನಿಂತರು. ಪೂರ್ತಿ ಗೇಟಿಗೆ ಬದಲಾಗಿ, ನಾಲ್ಕು ನಾಲ್ಕು ಅಡಿ ಎತ್ತರದ ಐದು ಉಕ್ಕಿನ ಹಲಗೆಗಳು. ಒಂದರ ಮೇಲೊಂದು ಇಳಿಸಿದರೆ ಇಪ್ಪತ್ತು ಅಡಿ. ನಮ್ಮ ಹಳೆಯ ಅಂಗಡಿಗಳ ಬಾಗಿಲಿಗೆ ಹಲಗೆಗಳನ್ನು ಒಂದೊಂದಾಗಿ ಕಾಡಿಯಲ್ಲಿ ಸೇರಿಸುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಉಪಾಯ, ಅಡ್ಡಲಾಗಿ ಮಾತ್ರ. ಆಗಸ್ಟ್ ೧೬ರ ಸಂಜೆ ಮೊದಲ ಹಲಗೆ ಕುಳಿತಿತು, ಮರುದಿನ ಐದೂ ಮುಗಿದವು. ಅಷ್ಟರಲ್ಲಿ ಮೂವತ್ತು ಟಿ.ಎಂ.ಸಿ.ಗೂ ಮಿಕ್ಕಿ ನೀರು ಹೋಗಿತ್ತು. ಆ ವರ್ಷ ಮಳೆರಾಯ ಕೈಬಿಡಲಿಲ್ಲ. ಜಲಾಶಯ ಮತ್ತೆ ಏರಿತು. ಅದು ಭಾಗ್ಯದ ಮಾತೇ ಹೊರತು ಲೆಕ್ಕದ ಮಾತಲ್ಲ.

ಈಗ ಹಗ್ಗದ ಎಳೆಯ ಪ್ರಶ್ನೆ ಕೇಳೋಣ. ತುಂಬಿದ ನೀರಿನ ಭಾರ ಸರಪಣಿಯನ್ನು ಕಿತ್ತಿತೆಂದು ಅನೇಕರು ಮಾತಾಡಿಕೊಂಡರು. ಅಂಥ ಗೇಟಿನ ಮೇಲೆ ಇಪ್ಪತ್ತು ಅಡಿ ನೀರು ಒತ್ತುವ ಬಲ ಸುಮಾರು ೩೪೦ ಟನ್ನು ಎಂಬುದೇನೋ ನಿಜ. ಬೇಕಾದವರು ಲೆಕ್ಕ ಮಾಡಿ ನೋಡಬಹುದು. ಆದರೆ ಆ ಒತ್ತಡವನ್ನು ಹೊರುವುದು ಎರಡು ಪಕ್ಕದ ಕಲ್ಲಿನ ಕಂಬಗಳು, ಸರಪಣಿಯಲ್ಲ. ಸರಪಣಿ ಹೊರುವುದು ಗೇಟಿನ ತೂಕ ಮತ್ತು ಏರಿಳಿಯುವಾಗಿನ ತಿಕ್ಕಾಟ. ಆ ಭಾರ ನಿನ್ನೆಯೂ ಇತ್ತು, ಎಪ್ಪತ್ತು ವರ್ಷದಿಂದಲೂ ಇತ್ತು. ಕೊಂಡಿ ಬಡವಾಗಿತ್ತು.

ಲೋಹ ಬಡವಾಗುವ ರೀತಿ ವಿಚಿತ್ರವಾದದ್ದು. ಒಂದು ತಂತಿಯನ್ನು ಒಂದೇ ಸಲ ಜಗ್ಗಿ ತುಂಡು ಮಾಡುವುದು ಕಷ್ಟ; ಅತ್ತಿತ್ತ ಹತ್ತು ಸಲ ಬಗ್ಗಿಸಿದರೆ ತಾನೇ ತುಂಡಾಗುತ್ತದೆ. ಪ್ರತಿಸಲವೂ ಕಣ್ಣಿಗೆ ಕಾಣದಷ್ಟು ಬಿರುಕು ಮುಂದೆ ಸರಿಯುತ್ತದೆ. ಇದನ್ನು ಲೋಹದ ದಣಿವು ಎನ್ನುತ್ತಾರೆ. ನೀರೂ ಗಾಳಿಯೂ ಕೂಡಿದ ಜಾಗದಲ್ಲಿ ತುಕ್ಕು ಬೇರೆ ಸೇರಿಕೊಳ್ಳುತ್ತದೆ. ಮುರಿದ ಕೊಂಡಿ ಕೈಗೆ ಸಿಕ್ಕರೆ ತಜ್ಞನು ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡುತ್ತಾನೆ. ಒಂದು ಭಾಗ ಕಪ್ಪಾಗಿ, ತುಕ್ಕು ಹಿಡಿದು, ಮರಳಿನ ಮೇಲೆ ಅಲೆ ಬಿಟ್ಟುಹೋದ ಗೆರೆಗಳಂತೆ ಕಂಡರೆ ಅದು ಹಳೆಯ ಬಿರುಕು, ವರ್ಷಗಳಿಂದ ಬೆಳೆದದ್ದು. ಇನ್ನೊಂದು ಭಾಗ ಹೊಸ ನಾಣ್ಯದಂತೆ ಹೊಳೆಯುತ್ತಿದ್ದರೆ ಅದು ಕೊನೆಯ ಕ್ಷಣದ್ದು. ಹೊಳೆಯುವ ಭಾಗ ಎಷ್ಟು ಸಣ್ಣದೋ ಅಷ್ಟು ದಿನ ಅದು ತನ್ನ ಶಕ್ತಿ ಮೀರಿ ದುಡಿದಿದೆ ಎಂದರ್ಥ. ಇಷ್ಟನ್ನು ಹೇಳುವ ಆ ಚೂರನ್ನು ಗುಜರಿಗೆ ಹಾಕಿದರೆ, ಇಲ್ಲವೇ ಯಾರಾದರೂ ಉಜ್ಜಿ ತೊಳೆದರೆ, ಸಾಕ್ಷಿಯ ಬಾಯಿ ಕಟ್ಟಿದಂತೆ. ದುರಂತವಾದ ಕಡೆ ನಾವು ಮೊದಲು ಮಾಡುವ ಕೆಲಸ ಗುಡಿಸಿ ಸಾರಿಸುವುದು. ತಜ್ಞರು ಮೊದಲು ಬೇಡವೆನ್ನುವುದೂ ಅದನ್ನೇ.

ತುಂಗಭದ್ರೆಯಲ್ಲಿ ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ. ಕೆ. ಬಜಾಜ್ ಅವರ ಸಮಿತಿ ಬಂದು ಪರಿಶೀಲಿಸಿತು. ಸಮಿತಿಯ ಸಲಹೆ ಹತ್ತೊಂಬತ್ತನೆಯ ಗೇಟಿಗೆ ಸೀಮಿತವಾಗಿರಲಿಲ್ಲ. ೩೩ ಗೇಟುಗಳನ್ನೂ ಬದಲಾಯಿಸಬೇಕು ಎಂದಿತು. ಇದು ಪೂರ್ತಿ ಸರಿಯೆಂದು ನನ್ನ ಅಲ್ಪಮತಿಗೆ ತೋರುತ್ತದೆ. ಹತ್ತೊಂಬತ್ತನೆಯದು ಯಾವ ಪಾಪವನ್ನೂ ಮಾಡಿರಲಿಲ್ಲ. ಅದು ಮಿಕ್ಕ ಮೂವತ್ತೆರಡರ ಓರಗೆಯದು, ಒಂದೇ ನೀರು ಕುಡಿದದ್ದು, ಒಂದೇ ತುಕ್ಕು ತಿಂದದ್ದು. ಸರದಿ ಅದರದು ಮೊದಲು ಬಂತು. ಈ ತೀರ್ಮಾನದ ಬೆಲೆಯೇನು ಕಡಿಮೆಯಲ್ಲ. ೨೦೨೫ರ ಮಳೆಗಾಲದಲ್ಲಿ ನದಿ ತುಂಬಿ ಬಂದರೂ ೮೦ ಟಿ.ಎಂ.ಸಿ.ಗೆ ಮಿತಿ ಹಾಕಿ ನೀರು ನಿಲ್ಲಿಸಿದರು. ಗೇಟುಗಳ ಕೆಲಸಕ್ಕಾಗಿ ಎರಡನೆಯ ಬೆಳೆಗೆ ನೀರಿಲ್ಲವೆಂದು ಪ್ರಕಟಿಸಿದರು. ಕಾಲುವೆಯ ಕೊನೆಯ ಭಾಗದ ಒಬ್ಬ ರೈತರು, ನಮ್ಮ ಸದಸ್ಯರೊಬ್ಬರ ಭಾವ, ನನಗೆ ಹೇಳಿದ ಮಾತು ಇದು: "ಎಲ್ಲಾ ಬದಲ್ ಮಾಡ್ಲಿ ಬಿಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಸಣ್ಣಾಗಿ ತುಕ್ಕು ಹಿಡಿಯಾಕ ಸುರು ಆದಾಗ ನೋಡಿದ್ರ ನಮ್ಮ ಒಂದ್ ಬೆಳಿ ಉಳಿತಿತ್ತಲ್ರಿ." ಇದಕ್ಕೆ ಎದುರು ಹೇಳುವಂಥದು ನನ್ನಲ್ಲಿ ಏನೂ ಇರಲಿಲ್ಲ.

ಕೂಕಟ್‌ಪಲ್ಲಿಯಲ್ಲಿ ಕುಳಿತು ಇದನ್ನೆಲ್ಲ ಬರೆಯುವುದಕ್ಕೆ ಕಾರಣ ಉಂಟು. ಹೌಸಿಂಗ್ ಬೋರ್ಡಿನ ಕಾಲೊನಿ, ಮೆಟ್ರೋ ರೈಲು, ಅಂಗಡಿಗಳ ದೀಪ ಇವುಗಳ ನಡುವೆ ನಾವು ಮರೆತರೂ, ನಾವಿರುವುದು ಕೆರೆಗಳ ಸರಮಾಲೆಯ ಮೇಲೆಯೇ. ಮೇಲಿನ ಕೆರೆಗಳ ಹೆಚ್ಚುವರಿ ನೀರು ಕೂಕಟ್‌ಪಲ್ಲಿ ನಾಲೆಯಾಗಿ ಹರಿದು ಹುಸೇನ್‌ಸಾಗರಕ್ಕೆ ಸೇರುತ್ತದೆ. ಅದು ತುಂಬಿದರೆ ಮೂಸಿಗೆ. ೧೯೦೮ರ ಪಾಠ ಇಲ್ಲಿ ೨೦೨೦ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಬಂತು. ೧೩ರ ರಾತ್ರಿ ಸುರಿದ ಮಳೆಯ ಮರುವಾರದೊಳಗೆ ಹಳೆಯ ನಗರದ ಕಡೆ ಬಾಲಾಪುರದ ಗುರ್ರಂ ಚೆರುವಿನ ಏರಿ ಒಡೆದು ಕೆಳಗಿನ ಬಡಾವಣೆಗಳಿಗೆ ನುಗ್ಗಿತು. ಇಡೀ ಕೆರೆ ಮನೆಯೊಳಗೆ ಬಂತೆಂದು ಅಲ್ಲಿಯವರು ಅಂದರೆ ಅದು ಅತಿಶಯೋಕ್ತಿಯಲ್ಲ.

ಮೇಲಿನ ಎರಡು ಜಲಾಶಯಗಳ ಸುತ್ತ ಹತ್ತು ಕಿಲೋಮೀಟರಿನೊಳಗೆ ದೊಡ್ಡ ಕಟ್ಟಡಗಳು ಬರಬಾರದೆಂದು ೧೯೯೬ರಲ್ಲಿ ೧೧೧ನೆಯ ನಂಬರಿನ ಸರ್ಕಾರಿ ಆದೇಶ ಹೊರಟಿತ್ತು. ೨೦೨೨ರಲ್ಲಿ ಆ ನಿರ್ಬಂಧವನ್ನು ಸಡಿಲಿಸುವ ಇನ್ನೊಂದು ಆದೇಶವೂ ಹೊರಟಿತು. ಆದೇಶಗಳನ್ನು ನಕಲು ತೆಗೆದು ಕಡತಕ್ಕೆ ಸೇರಿಸುವುದೇ ನನ್ನ ವೃತ್ತಿಯಾದ್ದರಿಂದ ಅವುಗಳ ಗುಣದೋಷ ಹೇಳುವುದು ಲಕ್ಷಣವಲ್ಲ. ಒಂದು ಮಾತ್ರ ಹೇಳಬಹುದು: ಒಂದು ಕೆರೆಯ ಅಂಗಳದಲ್ಲಿ ಮನೆಯೆದ್ದರೆ ಆ ಕೆರೆ ಹಿಡಿಯುವ ನೀರು ಅಷ್ಟು ಕಡಿಮೆಯಾಯಿತು, ಕೋಡಿಯ ಹಳ್ಳ ಮುಚ್ಚಿದರೆ ಮಿಕ್ಕ ನೀರಿಗೆ ಏರಿಯ ನೆತ್ತಿಯ ಹೊರತು ಬೇರೆ ದಾರಿಯಿಲ್ಲ. ನೀರ್ಗಂಟಿಯ ಎರಡು ಕಾರಣಗಳಲ್ಲಿ ಮೊದಲನೆಯದು ಇದೇ.

ನಮ್ಮ ಕೂಕಟ್‌ಪಲ್ಲಿಯ ನಲ್ಲಚೆರುವಿನ ಅಂಗಳದಲ್ಲಿ ಎದ್ದಿದ್ದ ಕೆಲವು ಕಟ್ಟಡಗಳನ್ನು ೨೦೨೪ರ ಸೆಪ್ಟೆಂಬರಿನಲ್ಲಿ ಹೈಡ್ರಾ ಸಂಸ್ಥೆಯವರು ಕೆಡವಿಸಿದರು. ಅಂದು ನೋಡಲು ಹೋದವರಲ್ಲಿ ನಾನೂ ಒಬ್ಬ. ತಗಡಿನ ಷೆಡ್ಡುಗಳಲ್ಲಿ ವ್ಯಾಪಾರ ಮಾಡುತ್ತಿದ್ದವರು ಸಾಮಾನುಗಳನ್ನು ಹೊರಗೆ ಎಳೆದುಕೊಳ್ಳುತ್ತಿದ್ದ ದೃಶ್ಯ ಸಂತೋಷಪಡುವಂಥದಲ್ಲ. ಬಾಡಿಗೆ ಕೊಟ್ಟು ಕುಳಿತವರಿಗೆ ಅದು ಕೆರೆಯ ಅಂಗಳವೆಂದು ಯಾರು ಹೇಳಿದ್ದರು? ಕೆಳಗಿನವನ ಮೇಲೆ ನೀರು ಬಿದ್ದಂತೆ ನಷ್ಟವೂ ಕೊನೆಯವನ ಮೇಲೆಯೇ ಬೀಳುತ್ತದೆ.

ಗುಂಪಿನಲ್ಲಿ ಊರಿನ ಮೂಲನಿವಾಸಿಗಳಾದ ವೃದ್ಧರೊಬ್ಬರು ಕೋಲೂರಿ ನಿಂತಿದ್ದರು. ಅವರ ತಂದೆ ಇದೇ ಸೀಮೆಯ ಒಂದು ಕೆರೆಗೆ ನೀರಟಿಯಾಗಿದ್ದರಂತೆ. ನಮ್ಮ ನೀರ್ಗಂಟಿಗೆ ತೆಲಂಗಾಣದಲ್ಲಿ ಆ ಹೆಸರು. ತೂಬಿಗೆ ಅವರು ತೂಮು ಎನ್ನುತ್ತಾರೆ, ಕೋಡಿಗೆ ಅಲುಗು. ಭಾಷೆ ಬೇರೆಯಾದರೂ ಕೆರೆಯ ಸಂಸಾರ ಒಂದೇ. "ತಾತಗಾರೂ, ನಿಮ್ಮ ಆ ಕೆರೆಯ ಅಲುಗು ಎಲ್ಲಿತ್ತು?" ಎಂದು ಕೇಳಿದೆ. ಅವರು ಕೆರೆಯ ಕಡೆ ನೋಡಲೇ ಇಲ್ಲ. ರಸ್ತೆಯಾಚೆಗೆ ಕೋಲು ಚಾಚಿ, ಎರಡು ಕಟ್ಟಡಗಳ ನಡುವಿನ ಒಂದು ಗಲ್ಲಿಯನ್ನು ತೋರಿಸಿದರು. ಚಿಕ್ಕವರಾಗಿದ್ದಾಗ ಅಲ್ಲಿ ಅಲುಗು ಹಾರಿದರೆ ಮೀನು ಹಿಡಿಯಲು ಊರಿನ ಹುಡುಗರೆಲ್ಲ ಸೇರುತ್ತಿದ್ದರಂತೆ. ೨೦೨೦ರ ಆ ರಾತ್ರಿ ಅದೇ ಗಲ್ಲಿಯ ಮನೆಗಳ ನೆಲಮಾಳಿಗೆಗಳಲ್ಲಿ ಸ್ಕೂಟರುಗಳು ತೇಲಿದವು ಎಂದು ಹೇಳಿ, ನನ್ನ ಮನೆ ಎಲ್ಲಿ ಎಂದು ವಿಚಾರಿಸಿದರು. ಹೇಳಿದೆ. ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿ, "ಅದು ಗದ್ದೆ ಬಯಲು, ತೂಮಿಗಿಂತ ಕೆಳಗೆ" ಎಂದರು.